ಅಂಗೈಗೆ ಇಂಜೆಕ್ಷನ್ ಕೊಡುವಾಗ ಗಮನವನ್ನು ಬೇರೆಡೆ ತಿರುಗಿಸಿದರೆ ನೋವು ಕಡಿಮೆಯಾಗುತ್ತದೆಯೇ?

ಮಡಚಿದ ಬೆರಳು ಅಲ್ಲೇ ಸಿಕ್ಕಿಕೊಳ್ಳುವ ತೊಂದರೆಗೆ, ಅಂದರೆ ಟ್ರಿಗರ್ ಫಿಂಗರ್‌ಗೆ, ಅಂಗೈಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಳ್ಳಬೇಕಾಗಿದೆಯೆಂದೂ, ಸೂಜಿಯನ್ನು ನೆನೆದರೇ ಎದೆ ಡವಗುಟ್ಟುತ್ತದೆಯೆಂದೂ ಬರೆದಿದ್ದೀರಿ. ನಾನು ವೈದ್ಯನಲ್ಲ, ಇದೇ ತೊಂದರೆಗೆ ಎರಡು ಬಾರಿ ಇಂಜೆಕ್ಷನ್ ತೆಗೆದುಕೊಂಡವನು. ನೋವು ಕಡಿಮೆಯಾಗುತ್ತದೆ ಎಂಬುದೇ ನನ್ನ ಉತ್ತರ, ಆದರೆ "ಬೇರೇನಾದರೂ ಯೋಚಿಸುತ್ತಿರಿ" ಎಂಬ ಸಡಿಲ ಸಲಹೆಯಿಂದ ಅದು ಆಗುವುದಿಲ್ಲ.

ಅಂಗೈಯ ಚರ್ಮ ದಪ್ಪ, ಅದರಲ್ಲಿ ಸ್ಪರ್ಶವನ್ನೂ ನೋವನ್ನೂ ತಿಳಿಸುವ ನರತುದಿಗಳು ಬಹಳ, ಒಳಗೆ ಔಷಧ ಹರಡಿಕೊಳ್ಳಲು ಇರುವ ಜಾಗ ಮಾತ್ರ ಕಡಿಮೆ. ಆದ್ದರಿಂದ ಇಲ್ಲಿ ನೋವು ಎರಡು ಕಂತುಗಳಲ್ಲಿ ಬರುತ್ತದೆ: ಮೊದಲು ಚುಚ್ಚಿದ ನೋವು, ಅನಂತರ ಔಷಧ ಒಳಹೋಗುವಾಗಿನ ಒತ್ತಡದ ನೋವು. ಮೊದಲ ಬಾರಿ ನನಗೆ ಇದು ತಿಳಿದಿರಲಿಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಚುಚ್ಚಿದ್ದಾಯಿತೆಂದು ಉಸಿರು ಬಿಟ್ಟ ಕ್ಷಣದಲ್ಲೇ ಎರಡನೆಯ ಕಂತು ಬಂದು, ಕೈಯನ್ನು ಎಳೆದುಕೊಳ್ಳುವುದರಲ್ಲಿದ್ದೆ.

ಎರಡನೆಯ ಬಾರಿ ಅಲ್ಲಿದ್ದ ನರ್ಸ್, ಚರ್ಮವನ್ನು ಒರೆಸುವುದಕ್ಕೂ ಮೊದಲೇ, ಮುನ್ನೂರರಿಂದ ಏಳೇಳು ಕಳೆಯುತ್ತಾ ಗಟ್ಟಿಯಾಗಿ ಹೇಳಲು ತಿಳಿಸಿದರು. ಲೆಕ್ಕದಲ್ಲಿ ನಾನು ಅಷ್ಟೇನೂ ಚುರುಕಲ್ಲ, ಬಹುಶಃ ಅದೇ ಅನುಕೂಲವಾಯಿತು. ಇನ್ನೂರೈವತ್ತೆಂಟು ಆದ ಮೇಲೆ ಇನ್ನೂರೈವತ್ತಮೂರು ಎಂದಾಗ ಅವರು ತಡೆದು ತಿದ್ದಿಸಿದರು. ಆ ಗಡಿಬಿಡಿಯಲ್ಲೇ ಸೂಜಿ ಒಳಹೋಗಿತ್ತು. ನೋವು ಇರಲಿಲ್ಲವೆಂದಲ್ಲ, ಅದನ್ನು ಕಾದು ಕುಳಿತು ಬರಮಾಡಿಕೊಳ್ಳುವಷ್ಟು ಬಿಡುವು ಮನಸ್ಸಿಗೆ ಇರಲಿಲ್ಲ. ಲೆಕ್ಕವೇ ಆಗಬೇಕೆಂದಿಲ್ಲ; ಉತ್ತರ ಕೊಡಲೇಬೇಕಾದ ಮಾತುಕತೆ, ಗಮನವಿಟ್ಟು ಆಡಬೇಕಾದ ಮೊಬೈಲ್ ಆಟ, ಏನಾದರೂ ಸರಿ. ಆದರೆ ಅದು ಮನಸ್ಸಿಗೆ ಕೆಲಸ ಕೊಡುವಂಥದ್ದಾಗಿರಬೇಕು, ಸೂಜಿಗಿಂತ ಮುಂಚೆ ಶುರುವಾಗಬೇಕು, ಸೂಜಿ ಹೊರಬರುವವರೆಗೂ ನಿಲ್ಲಬಾರದು. ಸುಮ್ಮನೆ ಕೇಳುವ ಹಾಡು ನನ್ನ ಮಟ್ಟಿಗೆ ಸಾಲದು.

ಗಮನ ತಿರುಗಿಸುವುದರ ಜೊತೆಗೆ ಸ್ಪರ್ಶದ ನೆರವೂ ಉಂಟು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಒಂದು ಬಗೆಯ ಬಾಗಿಲು ಇದೆಯೆಂದೂ, ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ ಆ ಬಾಗಿಲು ಭಾಗಶಃ ಮುಚ್ಚಿಕೊಳ್ಳುತ್ತದೆಯೆಂದೂ ವಿವರಿಸಿದರು. ಪೆಟ್ಟು ಬಿದ್ದಲ್ಲಿ ನಾವು ತಾನಾಗಿ ಉಜ್ಜಿಕೊಳ್ಳುವುದು ಇದಕ್ಕೇ ಇರಬೇಕು. ಚುಚ್ಚುವ ಜಾಗದ ಪಕ್ಕದಲ್ಲಿ ಒತ್ತುವುದು, ಕಂಪಿಸುವ ಸಣ್ಣ ಸಾಧನವನ್ನು ಇಡುವುದು, ಚರ್ಮವನ್ನು ತಣ್ಣಗಾಗಿಸುವ ಸ್ಪ್ರೇ ಬಳಸುವುದು, ಇವುಗಳಲ್ಲಿ ಯಾವುದು ಸಾಧ್ಯವೆಂದು ವೈದ್ಯರನ್ನು ಮುಂಚಿತವಾಗಿಯೇ ಕೇಳಿ. ಔಷಧವನ್ನು ನಿಧಾನವಾಗಿ ಬಿಡಿ ಎಂದು ಕೋರಲು ಸಂಕೋಚ ಬೇಡ. ಎರಡನೆಯ ಕಂತಿಗೆ ಅದಕ್ಕಿಂತ ಸರಳ ಉಪಾಯ ನನಗೆ ಗೊತ್ತಿಲ್ಲ.

ಕಣ್ಣು ತಿರುಗಿಸಲೇಬೇಕೆಂಬ ಕಡ್ಡಾಯವಿಲ್ಲ. ಕಾಣದಿದ್ದರೆ ಭಯ ಹೆಚ್ಚಾಗುವವರೂ ಇದ್ದಾರೆ. ಅಂಥವರು ನೋಡುತ್ತಲೇ ಲೆಕ್ಕ ಹೇಳಬಹುದು. ಹಿಂದೆ ಸೂಜಿ ಕಂಡು ತಲೆಸುತ್ತಿ ಬಿದ್ದಿದ್ದರೆ ಮೊದಲೇ ತಿಳಿಸಿ, ಮಲಗಿಕೊಂಡೇ ಇಂಜೆಕ್ಷನ್ ತೆಗೆದುಕೊಳ್ಳಿ. ತಲೆ ಹಗುರವಾಗತೊಡಗಿದರೆ ತೊಡೆಯ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವುದರಿಂದ ರಕ್ತದೊತ್ತಡ ಕುಸಿಯದಂತೆ ತಡೆಯಬಹುದು, ಇಂಜೆಕ್ಷನ್ ಕೊಡುತ್ತಿರುವ ಕೈ ಮಾತ್ರ ಸಡಿಲವಾಗಿಯೇ ಇರಲಿ.

ಮನೆಗೆ ಮರಳಿದ ಮೇಲೆ ಒಂದೆರಡು ದಿನ ನೋವು ಕೆರಳುವುದುಂಟು. ಅದಕ್ಕೆ ಈ ಉಪಾಯಗಳು ಸಲ್ಲವು. ಮಧುಮೇಹವಿದ್ದರೆ ಸ್ಟೀರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಪ್ರಮಾಣ ಏರಬಹುದಾದ್ದರಿಂದ ಅದನ್ನೂ ವೈದ್ಯರಲ್ಲಿ ವಿಚಾರಿಸಿಕೊಳ್ಳಿ.

ಕೊನೆಯದಾಗಿ, ಲೆಕ್ಕದಲ್ಲಿ ಎಷ್ಟೇ ಮುಳುಗಿದ್ದರೂ, ಬೆರಳ ತುದಿಯವರೆಗೆ ಕರೆಂಟ್ ಹೊಡೆದಂತೆ ಜುಮ್ಮೆಂದು ನೋವು ಹರಿದರೆ ಎಣಿಕೆಯನ್ನು ಅಲ್ಲೇ ಬಿಟ್ಟು, ಕೈ ಅಲುಗಿಸದೆ, ತಕ್ಷಣ ಬಾಯಿಬಿಟ್ಟು ಹೇಳಿ. ಸೂಜಿ ನರಕ್ಕೆ ತಗುಲಿರಬಹುದು, ವೈದ್ಯರಿಗೆ ಅದು ಗೊತ್ತಾಗುವುದು ನಿಮ್ಮ ಮಾತಿನಿಂದಲೇ.