ನಿಮ್ಮ ಲೇಖನದಲ್ಲಿ ಸಿಧು ಯಾಕಿಲ್ಲ?

ಲೇಖಕ ಮಿತ್ರರೇ,

ನಿಮ್ಮ ‘ಜೈಲಿನಿಂದ ಮೈದಾನಕ್ಕೆ’ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಪಕ್ಕಕ್ಕೆ ಎತ್ತಿಟ್ಟೂ ಇಲ್ಲ. ವಿಷಯ ಗಟ್ಟಿ ಇದೆ, ನಿಮಗೆ ಸಿಟ್ಟಿದೆ, ವಾಕ್ಯ ಕಟ್ಟಲು ಬರುತ್ತದೆ. ಇಂಥ ಬರಹಗಳು ನಮಗೆ ಆಗಾಗ ಬರುವುದರಿಂದ ನಿಮ್ಮ ಹೆಸರು ಬಿಟ್ಟು ಉತ್ತರವನ್ನು ಇಲ್ಲೇ ಹಾಕುತ್ತಿದ್ದೇನೆ. ಬೇಸರ ಮಾಡ್ಕೋಬೇಡಿ.

ಲೇಖನ ನೋಡದ ಓದುಗರಿಗೆ ಅದರ ಸಾರ ಇಷ್ಟು: ಗಂಭೀರ ಅಪರಾಧ ಮಾಡಿದ ಆಟಗಾರರು ಶಿಕ್ಷೆ ಮುಗಿಸಿ ಬಂದರೂ ಮತ್ತೆ ಮೈದಾನಕ್ಕೆ ಇಳಿಯಬಾರದು. ಇದಕ್ಕೆ ಸಾಕ್ಷಿಯಾಗಿ ಬಾಕ್ಸರ್ ಮೈಕ್ ಟೈಸನ್, ಅಮೆರಿಕನ್ ಫುಟ್‌ಬಾಲ್ ಆಟಗಾರರಾದ ಮೈಕಲ್ ವಿಕ್, ರೇ ರೈಸ್, ಪಾಕಿಸ್ತಾನದ ಕ್ರಿಕೆಟಿಗ ಮೊಹಮ್ಮದ್ ಆಮಿರ್, ಬೀಚ್ ವಾಲಿಬಾಲ್ ಆಟಗಾರ ಸ್ಟೀವನ್ ವ್ಯಾನ್ ಡೆ ವೆಲ್ಡೆ, ಕುಸ್ತಿಪಟು ಸುಶೀಲ್ ಕುಮಾರ್ ಅಂತ ಆರು ಜನರನ್ನು ಸಾಲಾಗಿ ನಿಲ್ಲಿಸಿದ್ದೀರಿ. ಕೊನೆಗೆ ಬಂದಾಗ ಮಾತ್ರ ‘ಸಮಾಜವೇ ತೀರ್ಮಾನಿಸಲಿ’ ಅಂದುಬಿಟ್ಟಿದ್ದೀರಿ.

ಆ ಕೊನೆಯ ಸಾಲು ಮೊದಲು ಹೋಗಬೇಕು. ಐದು ಪುಟ ಗುಡುಗಿ ಆರನೇ ಪುಟದಲ್ಲಿ ಅಡ್ಡಗೋಡೆ ಮೇಲೆ ದೀಪ ಇಡೋದು ಯಾಕೆ? ನಿಮ್ಮ ತೀರ್ಮಾನ ಏನು ಅಂತ ತಿಳಿಯೋಕೇ ಅಲ್ವಾ ಜನ ಓದೋದು?

ಇನ್ನು ಆ ಆರು ಹೆಸರು. ಒಬ್ಬೊಬ್ಬರಿಗೆ ಮೂರು ನಾಲ್ಕು ಸಾಲು. ಹೋದ ಪುಟ್ಟ ಬಂದ ಪುಟ್ಟ. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದ ಯಾರು ಏನು ಮಾಡಿದರು ಅನ್ನೋದೇ ಕಲಸಿಹೋಗಿದೆ. ರೇ ರೈಸ್ ‘ಜೈಲಿನಿಂದ ಬಂದು’ ಅಂತ ಬರೆದಿದ್ದೀರಿ. ರೈಸ್ ಜೈಲುಶಿಕ್ಷೆ ಅನುಭವಿಸಿದವರೇ ಅಲ್ಲ. ಕೋರ್ಟ್ ಅವರನ್ನು ಸುಧಾರಣಾ ಕಾರ್ಯಕ್ರಮಕ್ಕೆ ಕಳಿಸಿತು, ಆಮೇಲೆ ಕೇಸು ರದ್ದಾಯಿತು. ಅವರು ಮತ್ತೆ ಆಡಲೂ ಇಲ್ಲ. ನಿಮ್ಮ ವಾದಕ್ಕೆ ಎರಡೂ ಕಡೆಯಿಂದ ಹೊಂದದ ಉದಾಹರಣೆ ಅದು.

ಆದರೆ ರೈಸ್ ಅವರನ್ನು ಬಿಡಬೇಡಿ, ಆಮಿರ್ ಪಕ್ಕದಲ್ಲಿ ಕೂರಿಸಿ. ಆಮಿರ್ 2010ರಲ್ಲಿ ಲಾರ್ಡ್ಸ್‌ನಲ್ಲಿ ದುಡ್ಡಿಗಾಗಿ ಬೇಕಂತಲೇ ನೋ ಬಾಲ್ ಹಾಕಿದರು. ಆಗ ವಯಸ್ಸು 18. ಯಾರ ಮೈಯನ್ನೂ ಮುಟ್ಟಿರಲಿಲ್ಲ. ಐಸಿಸಿ ಐದು ವರ್ಷ ನಿಷೇಧ ಹಾಕಿತು, ಇಂಗ್ಲೆಂಡಿನ ಕೋರ್ಟ್ ಆರು ತಿಂಗಳ ಶಿಕ್ಷೆ ಕೊಟ್ಟಿತು. ಇತ್ತ ರೈಸ್ 2014ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಕ್ಯಾಸಿನೋದ ಲಿಫ್ಟಿನಲ್ಲಿ, ತಾವು ಮದುವೆಯಾಗಬೇಕಿದ್ದ ಹುಡುಗಿಗೆ ಪ್ರಜ್ಞೆ ತಪ್ಪುವ ಹಾಗೆ ಹೊಡೆದರು. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಮೊದಲು ಕೊಟ್ಟ ಶಿಕ್ಷೆ ಎರಡು ಪಂದ್ಯದ ಅಮಾನತು. ಎರಡೇ ಎರಡು! ಆಕೆಯನ್ನು ಲಿಫ್ಟಿನಿಂದ ಹೊರಗೆ ಎಳೆದು ತರುವ ವಿಡಿಯೋ ಆಗಲೇ ಎಲ್ಲರೂ ನೋಡಿದ್ದರು. ಸೆಪ್ಟೆಂಬರ್‌ನಲ್ಲಿ ಲಿಫ್ಟಿನ ಒಳಗಿನ ವಿಡಿಯೋ ಹೊರಬಿದ್ದ ದಿನವೇ ತಂಡ ಅವರನ್ನು ಕೈಬಿಟ್ಟಿತು, ಲೀಗ್ ಅನಿರ್ದಿಷ್ಟ ಕಾಲ ಅಮಾನತು ಮಾಡಿತು. ನವೆಂಬರ್‌ನಲ್ಲಿ ಮಧ್ಯಸ್ಥಗಾರರು ಆ ಅಮಾನತು ರದ್ದು ಮಾಡಿದರು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡುವಂತಿಲ್ಲ ಅಂತ. ದಾರಿ ತೆರೆದರೂ ಒಂದು ತಂಡವೂ ಕರೆಯಲಿಲ್ಲ. 2013ರಲ್ಲಿ ಅವರ ಆಟವೂ ಕುಸಿದಿತ್ತು ಅನ್ನುವುದನ್ನು ಮರೆಯಬೇಡಿ.

ಆಟಕ್ಕೆ ಮೋಸ ಮಾಡಿದರೆ ಐದು ವರ್ಷ, ಹೆಂಗಸಿಗೆ ಹೊಡೆದರೆ ಎರಡು ಪಂದ್ಯ. ಕ್ರೀಡಾ ಸಂಸ್ಥೆಗಳು ತಮ್ಮ ಅಂಗಡಿಗೆ ನಷ್ಟವಾದರೆ ಒಂದು ತಕ್ಕಡಿ ಹಿಡಿಯುತ್ತವೆ, ಹೊರಗಿನವರಿಗೆ ನೋವಾದರೆ ಇನ್ನೊಂದು. ನಿಮ್ಮ ಸಿಟ್ಟಿಗೆ ಸರಿಯಾದ ಜಾಗ ಇದು. ‘ಕ್ರೀಡಾಪಟುಗಳು ಯುವಜನರಿಗೆ ಆದರ್ಶ’ ಅಂತ ಮೂರು ಕಡೆ ಬರೆದಿದ್ದೀರಲ್ಲ, ಮೂರನ್ನೂ ಹೊಡೆದುಹಾಕಿ ಇದನ್ನು ಬರೆಯಿರಿ.

ವಿಕ್ ಭಾಗದಲ್ಲಿ ನಿಮಗೆ ಅವಸರ ಜಾಸ್ತಿಯಾಗಿದೆ. ‘ನಾಯಿಕಾಳಗ ನಡೆಸಿ ಜೈಲಿಗೆ ಹೋದ, ಬಂದು ಕೋಟಿ ಕೋಟಿ ಗಳಿಸಿದ.’ ಸುಳ್ಳಲ್ಲ. 2007ರಲ್ಲಿ 23 ತಿಂಗಳ ಶಿಕ್ಷೆಯಾಯಿತು, 2009ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಸೇರಿದರು, 2011ರಲ್ಲಿ ಆರು ವರ್ಷಕ್ಕೆ 10 ಕೋಟಿ ಡಾಲರಿನ ಒಪ್ಪಂದವೂ ಆಯಿತು. ಆದರೆ ನಡುವೆ ಏನಾಯಿತು? ದಿವಾಳಿ ಅರ್ಜಿ ಹಾಕಿದ್ದರು. ಸಾಲ ಕೋಟಿಗಟ್ಟಲೆ ಡಾಲರ್ ಇತ್ತು. ಮತ್ತೆ ಆಡಿ ಗಳಿಸಿದ ದುಡ್ಡಿನಲ್ಲೇ ಅದನ್ನು ತೀರಿಸಿದರು. ಆಡಲು ಬಿಡದಿದ್ದರೆ ಸಾಲ ಕೊಟ್ಟವರ ಗತಿ ಏನಾಗುತ್ತಿತ್ತು ಅಂತ ಒಂದು ಕ್ಷಣ ಯೋಚಿಸಿ.

ನಾಯಿಗಳದ್ದು ಇನ್ನೂ ದೊಡ್ಡ ಕಥೆ. ಇಂಥ ಕೇಸುಗಳಲ್ಲಿ ಹಿಡಿದ ನಾಯಿಗಳನ್ನು ಅಲ್ಲಿ ಸಾಮಾನ್ಯವಾಗಿ ಸಾಯಿಸಿಬಿಡುತ್ತಿದ್ದರು. ಈ ಸಲ ಕೋರ್ಟ್ ಹಾಗೆ ಮಾಡಲಿಲ್ಲ. ತಜ್ಞರು ಒಂದೊಂದು ನಾಯಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಯಾವುದು ಮನೆಗೆ ಹೋಗಬಲ್ಲದು, ಯಾವುದಕ್ಕೆ ಆಶ್ರಯಧಾಮವೇ ಬೇಕು ಅಂತ ವಿಂಗಡಿಸಿದರು. ಬಹುಪಾಲು ನಾಯಿಗಳು ಬದುಕಿದವು. 22 ನಾಯಿಗಳು ಯೂಟಾ ರಾಜ್ಯದ ಒಂದು ಆಶ್ರಯಧಾಮಕ್ಕೆ ಹೋದವು. ಹಿಡಿದ ನಾಯಿಗಳೆಲ್ಲದರ ಆರೈಕೆಗೆ ವಿಕ್ 9 ಲಕ್ಷ ಡಾಲರಿಗೂ ಜಾಸ್ತಿ ಕಟ್ಟಬೇಕಾಯಿತು. ನಿಮ್ಮ ಆರು ಜನರಲ್ಲಿ, ಏಟು ತಿಂದವರ ಪಾಲು ಎಷ್ಟು ಅಂತ ಲೆಕ್ಕ ಹಾಕಿ ಎತ್ತಿಟ್ಟಿದ್ದು ಕಣ್ಣಿಗೆ ಕಾಣುವುದು ಈ ಒಂದು ಕೇಸಿನಲ್ಲಿ. ಅದೂ ನಾಯಿಗಳಿಗೆ. ಮನುಷ್ಯರ ಕಥೆಗಳಲ್ಲಿ ಅವರ ಪಾಲಿನ ಮಾತೇ ಇಲ್ಲ. ನಿಮ್ಮ ಲೇಖನದಲ್ಲೂ ಇಲ್ಲ.

ಟೈಸನ್ ಬಗ್ಗೆ ಒಂದೇ ಮಾತು. ಅತ್ಯಾಚಾರಕ್ಕೆ ಒಳಗಾದ ಆಕೆಯ ಹೆಸರು ಹಾಕಿದ್ದೀರಿ, ನಾನು ತೆಗೆದಿದ್ದೇನೆ. ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿದ್ದರೂ ನಮ್ಮಲ್ಲಿ ಹಾಕುವುದಿಲ್ಲ.

ವ್ಯಾನ್ ಡೆ ವೆಲ್ಡೆ ಭಾಗ ಚೆನ್ನಾಗಿದೆ, ಉಳಿಸಿಕೊಳ್ಳಿ. 12 ವರ್ಷದ ಮಗುವಿನ ಮೇಲೆ ಅತ್ಯಾಚಾರ ಮಾಡಿ 2016ರಲ್ಲಿ ಇಂಗ್ಲೆಂಡಿನಲ್ಲಿ ನಾಲ್ಕು ವರ್ಷದ ಶಿಕ್ಷೆ ಪಡೆದವರು, ಒಂದು ವರ್ಷ ಚಿಲ್ಲರೆ ಒಳಗಿದ್ದು ಬಂದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್ ಪರ ಬೀಚ್ ವಾಲಿಬಾಲ್ ಆಡಿದರು. ಅವರ ಹೆಸರು ಕೂಗಿದಾಗ ಪ್ರೇಕ್ಷಕರು ಛೀಮಾರಿ ಹಾಕಿದ್ದನ್ನು ಬರೆದಿದ್ದೀರಿ. ಸರಿ. ಅವರನ್ನು ಒಲಿಂಪಿಕ್ ಗ್ರಾಮದಲ್ಲಿ ಇರಿಸದೆ ಬೇರೆ ಕಡೆ ಉಳಿಸಿದ್ದರು, ಪತ್ರಕರ್ತರ ಮುಂದೆಯೂ ತರಲಿಲ್ಲ. ಅದನ್ನೂ ಸೇರಿಸಿ. ಮುಚ್ಚಿಟ್ಟುಕೊಂಡು ಆಡಿಸಬೇಕಾದ ಆಟಗಾರನನ್ನು ಯಾಕೆ ಕಳಿಸಬೇಕಿತ್ತು ಅನ್ನುವ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆದರೆ ‘ಡಚ್ಚರಿಗೆ ನಾಚಿಕೆ ಇಲ್ಲ’ ಅನ್ನುವ ಸಾಲು ಬೇಡ. ಶಿಕ್ಷೆ ಮುಗಿಸಿದವರಿಗೆ ಷರತ್ತಿನ ಮೇಲೆ ಮರಳಲು ಅವರ ನಿಯಮದಲ್ಲಿ ದಾರಿಯಿತ್ತು. ನಮ್ಮ ನಿಯಮದಲ್ಲಾದರೆ ಇಂಥವರು ತಂಡದಲ್ಲಿ ಇರುವಂತಿಲ್ಲ ಅಂತ ಆಸ್ಟ್ರೇಲಿಯಾ ತಂಡದ ಮುಖ್ಯಸ್ಥೆ ಆ್ಯನಾ ಮಿಯರ್ಸ್ ಹೇಳಿದರು. ಅಂದರೆ ಒಂದೇ ಒಲಿಂಪಿಕ್ಸ್‌ಗೆ ದೇಶಕ್ಕೊಂದು ಕಾನೂನು. ಜನರನ್ನು ಬೈಯುವುದು ಬಿಟ್ಟು ಆ ನಿಯಮವನ್ನು ಹಿಡಿದು ಅಲ್ಲಾಡಿಸಿ.

ಸುಶೀಲ್ ಕುಮಾರ್ ಅವರನ್ನು ‘ಕೊಲೆಗಾರ’ ಅಂದಿದ್ದೀರಿ. ಸ್ವಾಮಿ, ನಮ್ಮನ್ನು ಕೋರ್ಟಿಗೆ ಎಳೆಸುತ್ತೀರಾ? ದಿಲ್ಲಿಯ ಛತ್ರಸಾಲ್ ಕ್ರೀಡಾಂಗಣದಲ್ಲಿ ಒಬ್ಬ ಯುವ ಕುಸ್ತಿಪಟು ಹಲ್ಲೆಗೆ ಒಳಗಾಗಿ ತೀರಿಕೊಂಡ ಕೇಸಿನಲ್ಲಿ ಅವರು 2021ರ ಮೇನಲ್ಲಿ ಬಂಧನಕ್ಕೊಳಗಾದರು. ಅಷ್ಟಕ್ಕೇ ಆ ಪದ ಹಾಕುವಂತಿಲ್ಲ. ಕೋರ್ಟ್ ಹೇಳುವವರೆಗೆ ಆರೋಪಿ, ಅಷ್ಟೇ. ಇಲ್ಲಿ ಬರೆಯಬೇಕಾದ್ದು ಬೇರೆ ಇದೆ. ಅವರು ಕೆಲಸ ಮಾಡುತ್ತಿದ್ದ ಉತ್ತರ ರೈಲ್ವೆ ಬಂಧನವಾದ ಎರಡು ಮೂರು ದಿನದಲ್ಲೇ ಅಮಾನತು ಮಾಡಿತು. ಸರ್ಕಾರಿ ನೌಕರ 48 ಗಂಟೆ ಮೀರಿ ವಶದಲ್ಲಿದ್ದರೆ ಅಮಾನತು ಅಂತ ಸೇವಾ ನಿಯಮವೇ ಇದೆ. ಎರಡು ಒಲಿಂಪಿಕ್ ಪದಕ ಗೆದ್ದವರಿಗೂ ರೈಲ್ವೆ ಗುಮಾಸ್ತರಿಗೂ ಅಲ್ಲಿ ಒಂದೇ ನಿಯಮ. ಚೆನ್ನಾಗಿದೆ ಅಲ್ವಾ?

ಈಗ ನನ್ನ ಮುಖ್ಯ ತಕರಾರು. ಅಮೆರಿಕ, ಇಂಗ್ಲೆಂಡ್, ನೆದರ್ಲೆಂಡ್ಸ್ ಎಲ್ಲಾ ಸುತ್ತಿದಿರಿ. ನವಜೋತ್ ಸಿಂಗ್ ಸಿಧು ಯಾಕೆ ನೆನಪಾಗಲಿಲ್ಲ?

1988ರ ಡಿಸೆಂಬರ್ 27, ಪಟಿಯಾಲ. ಸಿಧು ಇದ್ದ ಜಿಪ್ಸಿ ಗಾಡಿ ರಸ್ತೆಯ ನಡುವೆ ನಿಂತಿತ್ತು, ಅದನ್ನು ಪಕ್ಕಕ್ಕೆ ತೆಗೆಯಿರಿ ಅನ್ನುವಲ್ಲಿ ಜಗಳ ಶುರುವಾಯಿತು. ಬ್ಯಾಂಕಿಗೆ ದುಡ್ಡು ತೆಗೆಯಲು ಹೊರಟಿದ್ದ 65 ವರ್ಷದ ಹಿರಿಯರೊಬ್ಬರು ಏಟು ತಿಂದು ತೀರಿಕೊಂಡರು. ಸಿಧುಗೆ ಆಗ 25. ಮರುವರ್ಷವೇ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಹೋಗಿ ಸೆಂಚುರಿ ಹೊಡೆದರು.

1996ರ ಮಾರ್ಚ್ 9 ನೆನಪು ಮಾಡಿಕೊಳ್ಳಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ವಿಶ್ವಕಪ್ ಕ್ವಾರ್ಟರ್ ಫೈನಲ್, ಎದುರಿಗೆ ಪಾಕಿಸ್ತಾನ. ಕನ್ನಡದವರಿಗೆಲ್ಲ ನೆನಪಿರುವುದು ವೆಂಕಟೇಶ್ ಪ್ರಸಾದ್, ಆಮಿರ್ ಸೊಹೈಲ್ ಅವರ ಸ್ಟಂಪ್ ಎಗರಿಸಿದ್ದು. ಆದರೆ ಅವತ್ತು 93 ರನ್ ಹೊಡೆದು ಪಂದ್ಯಶ್ರೇಷ್ಠರಾದವರು ಸಿಧು. ಪಟಿಯಾಲದ ಘಟನೆಗೆ ಆಗ ಏಳು ವರ್ಷ ದಾಟಿತ್ತು. ಕೇಸು ಕೋರ್ಟಿನಲ್ಲಿತ್ತು. ಆಡಬಹುದೇ ಅನ್ನುವ ಪ್ರಶ್ನೆ ಗ್ಯಾಲರಿಯಲ್ಲಿ ಯಾರಿಗೂ ಇರಲಿಲ್ಲ.

ಕೆಳಗಿನ ಕೋರ್ಟ್ 1999ರಲ್ಲಿ ಖುಲಾಸೆ ಮಾಡಿತು. ಅದೇ ವರ್ಷ ಅವರು ಕ್ರಿಕೆಟ್ ಬಿಟ್ಟರು. 2006ರಲ್ಲಿ ಹೈಕೋರ್ಟ್ ಮೂರು ವರ್ಷದ ಶಿಕ್ಷೆ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 1000 ರೂಪಾಯಿ ದಂಡಕ್ಕೆ ಇಳಿಸಿತು. ಸತ್ತವರ ಮನೆಯವರು ಬಿಡಲಿಲ್ಲ, ಮರುಪರಿಶೀಲನೆಗೆ ಹೋದರು. 2022ರ ಮೇನಲ್ಲಿ ಒಂದು ವರ್ಷದ ಕಠಿಣ ಶಿಕ್ಷೆ ಆಯಿತು. ಬಾಕ್ಸರ್, ಕುಸ್ತಿಪಟು, ಕ್ರಿಕೆಟಿಗ ಇಂಥವರ ಬರಿಗೈಯೂ ಆಯುಧವಾಗಬಲ್ಲದು ಅಂತ ಆ ತೀರ್ಪಿನಲ್ಲಿದೆ. ಸಿಧು ಆಟಗಾರ ಅನ್ನುವುದು ಕೊನೆಗೂ ಲೆಕ್ಕಕ್ಕೆ ಬಂತು, ಆದರೆ ಅವರ ವಿರುದ್ಧ. ಜೈಲಿಗೆ ಹೋದಾಗ ವಯಸ್ಸು 58. ಬ್ಯಾಟು ಕೆಳಗಿಟ್ಟು 22 ವರ್ಷವಾಗಿತ್ತು.

ನೋಡಿ, ಶಿಕ್ಷೆ ಮುಗಿಸಿ ಬಂದವನಿಗೆ ಎರಡನೇ ಅವಕಾಶ ಕೊಡಬೇಕೇ ಅನ್ನುವುದು ಕೇಸು ಬೇಗ ಮುಗಿಯುವ ಊರಿನ ಪ್ರಶ್ನೆ. ವಿಕ್ ವಿಚಾರದಲ್ಲಿ ತನಿಖೆ ಶುರುವಾಗಿದ್ದೂ ಶಿಕ್ಷೆ ಆಗಿದ್ದೂ ಒಂದೇ ವರ್ಷದಲ್ಲಿ. ಇಲ್ಲಿ ಆಟಗಾರನ ಆಟವೇ ಮುಗಿಯುತ್ತದೆ, ಕೇಸು ಮುಗಿಯುವುದಿಲ್ಲ. ಹಾಗಾಗಿ ನಮ್ಮ ಪ್ರಶ್ನೆ ತೀರ್ಪಿಗಿಂತ ಮುಂಚಿನದು. ಕೇಸು ನಡೆಯುತ್ತಿರುವಾಗ ದೇಶದ ತಂಡಕ್ಕೆ ಆರಿಸಬಹುದೇ? ಬೇಡ ಅಂದರೆ, ಸುಳ್ಳು ಕೇಸು ಹಾಕಿಸಿ ಒಬ್ಬನ ಬದುಕು ಮುಗಿಸುವುದು ಸುಲಭವಾಗುವುದಿಲ್ಲವೇ? ಹೌದು ಅಂದರೆ, ಪಟಿಯಾಲದ ಆ ಮನೆಯವರು ಟಿವಿ ಹಾಕಿದಾಗಲೆಲ್ಲ ಏನು ನೋಡಬೇಕಾಯಿತು? ಚುನಾವಣೆಗೆ ನಿಲ್ಲುವವರು ಕೇಸುಗಳನ್ನು ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಎರಡು ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆಯಾದರೆ ಸಂಸದರ ಸ್ಥಾನ ಹೋಗುತ್ತದೆ. 2006ರ ತೀರ್ಪು ಬಂದಾಗ ಸಿಧು ಸಂಸದ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ರಾಜಕಾರಣಿ ಸಿಧುಗೆ ಒಂದು ನಿಯಮವಾದರೂ ಇತ್ತು. ಕ್ರಿಕೆಟಿಗ ಸಿಧುಗೆ? ಹೋಗಿ ಕೇಳಿ. ನಮ್ಮ ರಾಜ್ಯದ ಕ್ರೀಡಾ ಸಂಸ್ಥೆಗಳಿಂದಲೇ ಶುರು ಮಾಡಿ. ಆಯ್ಕೆಗೆ ಮುಂಚೆ ಏನು ಕೇಳುತ್ತಾರೆ, ಎಫ್‌ಐಆರ್ ಆದರೆ ಏನು ಮಾಡುತ್ತಾರೆ, ಲಿಖಿತ ನಿಯಮ ಇದೆಯಾ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಅಂತ ಬರೆಯಿರಿ.

ನನ್ನ ಅಭಿಪ್ರಾಯ ಏನು ಅಂತ ಪತ್ರದಲ್ಲಿ ಕೇಳಿದ್ದೀರಿ. ನಾನು ನಿಮ್ಮ ಪಕ್ಷ ಅಲ್ಲ. ಶಿಕ್ಷೆ ಮುಗಿಸಿದವನು ದುಡಿದು ತಿನ್ನಬೇಕು, ಗೊತ್ತಿರುವ ಕೆಲಸ ಆಟವಾದರೆ ಆಡಲಿ. ಕ್ಲಬ್ಬಿಗೆ ಬೇಕಿದ್ದರೆ ಸೇರಿಸಿಕೊಳ್ಳಲಿ, ಬೇಡದವರು ಟಿಕೆಟ್ ತಗೊಳ್ಳದೇ ಇರಲಿ. ದೇಶದ ಜೆರ್ಸಿ ಮಾತ್ರ ಬೇರೆ. ಅದು ಹೊಟ್ಟೆಪಾಡಲ್ಲ, ಗೌರವ. ಮಗುವಿನ ಮೇಲೆ ಕೈ ಹಾಕಿದವನಿಗೆ ಅದು ಸಿಗಬಾರದು ಅಂತ ನನಗೆ ಅನ್ನಿಸುತ್ತದೆ. ನೀವು ಇದನ್ನು ಒಪ್ಪಬೇಕಾಗಿಲ್ಲ. ಗಟ್ಟಿಯಾಗಿ ವಿರೋಧಿಸಿ ಬರೆದರೂ ಹಾಕುತ್ತೇನೆ.

ತಿದ್ದುವಾಗ ಟೈಸನ್ ಅವರನ್ನು ಕೈಬಿಡಿ. ವಿಕ್, ವ್ಯಾನ್ ಡೆ ವೆಲ್ಡೆ ಒಂದೊಂದು ಪ್ಯಾರಾ ಸಾಕು. ಆಮಿರ್, ರೈಸ್ ಇಬ್ಬರೂ ಸೇರಿ ಒಂದು. ಸುಶೀಲ್ ಕುಮಾರ್ ರೈಲ್ವೆ ನಿಯಮದ ಜೊತೆ ಬರಲಿ. ಅರ್ಧ ಲೇಖನ ಸಿಧುಗೆ ಕೊಡಿ. ತೀರ್ಪುಗಳನ್ನು ಸುಪ್ರೀಂ ಕೋರ್ಟ್ ವೆಬ್‌ಸೈಟಿನಲ್ಲಿ ನೀವೇ ಓದಿ, ಪೇಪರ್ ಸುದ್ದಿ ನಂಬಿ ಬರೆಯಬೇಡಿ. ಇನ್ನೊಂದು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಇಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಮುಂದಿನ ಸಲ ಯೂನಿಕೋಡ್‌ನಲ್ಲಿ ಕಳಿಸಿ.