ಕೆಟ್ಟು ನಿಂತ ಲಾರಿಯ ಹಿಂದೆ ಕಲ್ಲಿಟ್ಟರೆ ಸಾಕೇ?

ಪ್ರಶ್ನೆ: ದಾವಣಗೆರೆಯಿಂದ ಮೆಕ್ಕೆಜೋಳ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೋಗುತ್ತೇನೆ. ಗಾಡಿ ಕೆಟ್ಟರೆ ಹಿಂದೆ ಕಲ್ಲು, ಸೊಪ್ಪು ಇಡುವ ವಾಡಿಕೆಯಿದೆ. ಅಷ್ಟು ಸಾಕೇ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಸಾಲದು. ಸೊಪ್ಪು, ಕಲ್ಲು ಹೆಡ್‌ಲೈಟಿಗೆ ಹೊಳೆಯುವುದಿಲ್ಲ. ರಾತ್ರಿ ತೀರಾ ಹತ್ತಿರ ಬಂದಾಗಲೇ ಕಾಣುತ್ತವೆ. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಅದಕ್ಕೇ ಪ್ರತಿಫಲಕ ತ್ರಿಕೋನ, ಅಂದರೆ ಬೆಳಕು ಬಿದ್ದರೆ ಹೊಳೆಯುವ ಎಚ್ಚರಿಕೆ ಫಲಕ ಬೇಕು. ಅದನ್ನೂ ಹತ್ತೇ ಹೆಜ್ಜೆ ಹಿಂದಿಟ್ಟರೆ ಬ್ರೇಕ್ ತುಳಿಯುವಷ್ಟೂ ಸಮಯ ಸಿಗದು. ಹೆದ್ದಾರಿಯಲ್ಲಿ 100 ಮೀಟರ್, ಅಂದರೆ ಸುಮಾರು 130 ಹೆಜ್ಜೆ ಹಿಂದಿಡಿ. ಚಿತ್ರದುರ್ಗದ ಗುಡ್ಡಗಳ ಬಳಿ ತಿರುವು ಅಥವಾ ದಿಣ್ಣೆ ದಾಟಿ ಗಾಡಿ ನಿಂತಿದ್ದರೆ, ತ್ರಿಕೋನ ಆ ತಿರುವಿಗೂ ಮೊದಲೇ ಕಾಣಬೇಕು.

ಗಾಡಿ ಉರುಳುತ್ತಿರುವಾಗಲೇ ಎಡ ಅಂಚಿಗೆ ಪೂರ್ತಿ ಇಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಇಳಿಯುವುದು ಎಡ ಬಾಗಿಲಿನಿಂದ. ತ್ರಿಕೋನವನ್ನು ಎದೆಯ ಮುಂದೆ ಹಿಡಿದು, ಬರುವ ವಾಹನಗಳತ್ತ ಮುಖ ಮಾಡಿ ರಸ್ತೆಯಂಚಿನಲ್ಲಿ ನಡೆಯಿರಿ. ಬ್ಯಾಟರಿ ಇಳಿದರೆ ಇಂಡಿಕೇಟರ್ ಮಂಕಾಗುತ್ತದೆ. ಹಾಗಾಗಿ ಹಿಂಬದಿಯ ಪ್ರತಿಫಲಕ ಪಟ್ಟಿಯ ಧೂಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಡಿಯ ಹಿಂದೆ ಯಾರೂ ಕೂರಬಾರದು, ಮಲಗಬಾರದು. ಹೆದ್ದಾರಿ ಸಹಾಯವಾಣಿ 1033.

ಚಕ್ರಕ್ಕೆ ಕಲ್ಲಿನ ಬದಲು ಮರದ ಅಡೆ ಬಳಸಿ. ರಿಪೇರಿಯ ಗಡಿಬಿಡಿಯಲ್ಲಿ ಕಲ್ಲನ್ನು ಅಲ್ಲೇ ಬಿಟ್ಟು ಹೋಗುವುದು ನಮ್ಮ ರಸ್ತೆಗಳ ದೊಡ್ಡ ಪಿಡುಗು. ಕತ್ತಲಲ್ಲಿ ಬರುವ ಬೈಕ್ ಸವಾರನ ಜೀವ ತೆಗೆಯಲು ಒಂದೇ ಕಲ್ಲು ಸಾಕು. ಹೊರಡುವ ಮುನ್ನ ಕಲ್ಲು, ಸೊಪ್ಪು, ತ್ರಿಕೋನ ಮೂರನ್ನೂ ತೆಗೆಯಿರಿ. ಚೆಲ್ಲಿದ ಆಯಿಲ್ ಮೇಲೆ ಮಣ್ಣು ಹಾಕಿ.