ಸಂಶೋಧನೆಗೆ ಸೇರುವ ಕನ್ನಡದ ರೋಗಿಗಳಿಗೆ ವೈದ್ಯಕೀಯ ಪದಗಳನ್ನು ಹೇಗೆ ವಿವರಿಸಲಿ?

ನೀವು ಕೇಳಿದ್ದು ಇಷ್ಟು. ಮುಂಬೈಯ ಒಂದು ಆಸ್ಪತ್ರೆಯಲ್ಲಿ ಸ್ಟಡಿ ಕೋಆರ್ಡಿನೇಟರ್, ಅಂದರೆ ಸಂಶೋಧನೆಯ ದಿನದಿನದ ಕೆಲಸ ನೋಡಿಕೊಳ್ಳುವವರಾಗಿ ಹೊಸದಾಗಿ ಸೇರಿದ್ದೀರಿ. ಮನೆಮಾತು ಕನ್ನಡ, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದ ರೋಗಿ ಬಂದರೆ ನಿಮ್ಮನ್ನೇ ಕರೆಯುತ್ತಾರೆ. ಕೈಯಲ್ಲಿ ರೋಗಿ ಓದಿ ಒಪ್ಪಿ ಸಹಿ ಹಾಕಬೇಕಾದ ಕನ್ನಡದ ಮಾಹಿತಿ ಹಾಳೆ ಇದೆ, ಆದರೆ ಅದನ್ನು ಓದಿದರೆ ನಿಮಗೇ ಅರ್ಥ ಆಗುವುದಿಲ್ಲ. ರ‍್ಯಾಂಡಮೈಸೇಷನ್, ಪ್ಲಾಸಿಬೊ, ಡಬಲ್ ಬ್ಲೈಂಡ್, ಇವಕ್ಕೆಲ್ಲ ಸರಿಯಾದ ಕನ್ನಡ ಪದ ಯಾವುದು?

ನಾನು ಡಾಕ್ಟರ್ ಅಲ್ಲ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ನಿವೃತ್ತಿಯಾದ ಮೇಲೆ ಒಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ ಇದ್ದೇನೆ. ಸಂಶೋಧನೆಗೆ ಸೇರುವ ರೋಗಿಗಳಿಗೆ ಅನ್ಯಾಯ ಆಗದ ಹಾಗೆ ನೋಡಿ ಒಪ್ಪಿಗೆ ಕೊಡುವ ಕಮಿಟಿ ಇದು. 2019ರ ಕ್ಲಿನಿಕಲ್ ಟ್ರಯಲ್ (ಜನರಿಗೆ ಕೊಟ್ಟು ಔಷಧಿ ಪರೀಕ್ಷಿಸುವುದು) ನಿಯಮಗಳ ಪ್ರಕಾರ ಇಂಥ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಅವರಲ್ಲಿ ಒಬ್ಬರು ವೈದ್ಯಕೀಯದ ಹೊರಗಿನ ಸಾಮಾನ್ಯ ವ್ಯಕ್ತಿ ಆಗಿರಲೇಬೇಕು. ನಮ್ಮ ಕಮಿಟಿಯಲ್ಲಿ ಆ ವ್ಯಕ್ತಿ ನಾನು. ಕನ್ನಡದ ಹಾಳೆ ಬಂದರೆ ಮೊದಲು ನನ್ನ ಕೈಗೆ ಕೊಡುತ್ತಾರೆ. ಎಷ್ಟೋ ಸಲ ರೋಗಿಗಳ ಪಕ್ಕ ಕೂತು ಓದಿ ಹೇಳಿದ್ದೇನೆ. ಆ ಅನುಭವದಿಂದಲೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. "ಸರಿಯಾದ ಪದ" ಹುಡುಕುವುದನ್ನು ಬಿಡಿ. ಪದ ಸಿಗುತ್ತದೆ, ನಿಘಂಟಿನಲ್ಲಿ ಎಲ್ಲವೂ ಇದೆ. ರ‍್ಯಾಂಡಮೈಸೇಷನ್‌ಗೆ "ಯಾದೃಚ್ಛಿಕೀಕರಣ" ಅಂತ ಬರೆದ ಹಾಳೆ ನಾನು ನೋಡಿದ್ದೇನೆ. ಅದನ್ನು ಜೋರಾಗಿ ಓದಲು ನನಗೇ ಎರಡು ಸಲ ಬೇಕಾಯಿತು. ಕನ್ನಡ ಲಿಪಿಯಲ್ಲಿ ಇದೆ ಅಂದ ಮಾತ್ರಕ್ಕೆ ಅದು ಕನ್ನಡ ಆಗುವುದಿಲ್ಲ. ರೋಗಿಗೆ ಬೇಕಾಗಿರುವುದು ಪದ ಅಲ್ಲ. "ನನಗೆ ಏನು ಮಾಡ್ತಾರೆ? ಎಷ್ಟು ದಿನ? ಏನಾದರೂ ಆದರೆ ಯಾರು ನೋಡ್ಕೋತಾರೆ? ಬೇಡ ಅಂದರೆ ಬೈತಾರಾ?" ಇದು ಬೇಕು. ಪ್ರತಿ ಪದವನ್ನೂ ಆ ರೋಗಿಗೆ ಆಗುವ ಒಂದು ಸಂಗತಿಯಾಗಿ ಬಿಡಿಸಿ ಹೇಳಿ.

ರ‍್ಯಾಂಡಮೈಸೇಷನ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ನಿಮಗೆ ಉಪಯೋಗ ಆಗುತ್ತದೆ. ಬಹಳ ದಿನ ನಾನು "ಚೀಟಿ ಎತ್ತಿದ ಹಾಗೆ" ಅಂತ ಹೇಳುತ್ತಿದ್ದೆ. ದೇವಸ್ಥಾನದಲ್ಲಿ, ಶಾಲೆಯಲ್ಲಿ ಚೀಟಿ ಎತ್ತುತ್ತೇವಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಕೇಳಿದವರೆಲ್ಲ "ಹೂಂ" ಅನ್ನುತ್ತಿದ್ದರು. ಒಂದು ದಿನ ಕುಂದಾಪುರದ ಕಡೆಯ ಹಿರಿಯರೊಬ್ಬರು ಬಂದರು. ಹುಡುಗನಾಗಿ ಮುಂಬೈಗೆ ಬಂದು ಇಡೀ ಆಯುಷ್ಯ ಕ್ಯಾಂಟೀನಿನಲ್ಲಿ ದುಡಿದವರು. ನಾನು ಚೀಟಿಯ ಮಾತು ಮುಗಿಸಿದ ಮೇಲೆ ಅವರು ಸ್ವಲ್ಪ ಯೋಚನೆ ಮಾಡಿ ಕೇಳಿದರು, "ತಿಂಗಳಿಗೆ ಎಷ್ಟು ಕಟ್ಟಬೇಕು ಟೀಚರ್?"

ಹೋಟೆಲಿನಲ್ಲಿ ದುಡಿದವರಿಗೆ ಚೀಟಿ ಅಂದರೆ ಚೀಟಿ ಫಂಡು. ಚೀಟಿ ಎತ್ತುವುದು ಅಂದರೆ ದುಡ್ಡು ಕೈಗೆ ಬರುವುದು. ಮಗಳ ಮದುವೆಗೆ, ಊರಿನ ಮನೆಗೆ ಅವರು ಚೀಟಿ ಎತ್ತಿದವರು. ಅವರು ಕೇಳಿದ್ದಕ್ಕೆ ನನಗೆ ಗೊತ್ತಾಯಿತು. ಕೇಳದೆ "ಹೂಂ" ಅಂದು ಸಹಿ ಹಾಕಿದವರು ಎಷ್ಟು ಜನ ಇದ್ದರೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಕೋಆರ್ಡಿನೇಟರ್ ಹತ್ತಿರ ಹೋಗಿ, ನಾನು ವಿವರಿಸಿದ ಎಲ್ಲರಿಗೂ ಮತ್ತೊಮ್ಮೆ ಹೇಳಬೇಕು ಅಂತ ಕೇಳಿಕೊಂಡೆ. ಫೋನ್ ಮಾಡಿ, ಬರುವ ದಿನ ನೋಡಿ, ಒಬ್ಬೊಬ್ಬರಿಗೂ ಹೇಳಿದೆವು.

ಈಗ ನಾನು ಒಂದು ನಾಣ್ಯ ಇಟ್ಟುಕೊಂಡು ಕೂರುತ್ತೇನೆ. "ಎರಡು ಗುಂಪು ಇದೆ. ಒಂದು ಗುಂಪಿಗೆ ಹೊಸ ಔಷಧಿ, ಇನ್ನೊಂದಕ್ಕೆ ಈಗ ಎಲ್ಲರಿಗೂ ಕೊಡುವ ಔಷಧಿ. ನೀವು ಯಾವ ಗುಂಪಿಗೆ ಅಂತ ಡಾಕ್ಟರು ಆರಿಸುವುದಿಲ್ಲ. ನೀವೂ ಆರಿಸುವ ಹಾಗಿಲ್ಲ. ನಾಣ್ಯ ಹಾರಿಸಿದ ಹಾಗೆ, ಹೆಡ್ಡು ಬಿದ್ದರೆ ಇದು, ಟೇಲು ಬಿದ್ದರೆ ಅದು. ಆ ಕೆಲಸ ಕಂಪ್ಯೂಟರ್ ಮಾಡುತ್ತದೆ." ಯಾಕೆ ಹೀಗೆ ಅನ್ನುವುದನ್ನೂ ಹೇಳಿ. ಡಾಕ್ಟರೇ ಆರಿಸಿದರೆ ಜಾಸ್ತಿ ಕಾಯಿಲೆ ಇರುವವರಿಗೆಲ್ಲ ಹೊಸ ಔಷಧಿ ಕೊಟ್ಟುಬಿಡಬಹುದು. ಆಮೇಲೆ ಎರಡು ಗುಂಪನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಯಾವ ಔಷಧಿ ಒಳ್ಳೆಯದು ಅಂತ ತಿಳಿಯುವುದಿಲ್ಲ. ಈ ಕಾರಣ ಹೇಳಿದರೆ ಜನರಿಗೆ ನ್ಯಾಯ ಅನ್ನಿಸುತ್ತದೆ. ಹೇಳದಿದ್ದರೆ ಡಾಕ್ಟರು ತಮ್ಮ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿಲ್ಲ ಅನ್ನಿಸುತ್ತದೆ. ಇನ್ನೊಂದು ವಿಷಯ: ಎಲ್ಲ ಅಧ್ಯಯನದಲ್ಲೂ ಅರ್ಧ ಅರ್ಧ ಇರುವುದಿಲ್ಲ. ಮೂವರಲ್ಲಿ ಇಬ್ಬರಿಗೆ ಹೊಸ ಔಷಧಿ ಅಂತಿದ್ದರೆ ನಾಣ್ಯದ ಹೋಲಿಕೆ ಸುಳ್ಳಾಗುತ್ತದೆ. ಆಗ ನೇರವಾಗಿ "ಮೂವರಲ್ಲಿ ಇಬ್ಬರಿಗೆ" ಅಂತಲೇ ಹೇಳಿ.

ಪ್ಲಾಸಿಬೊಗೆ ಕೆಲವರು "ಸಕ್ಕರೆ ಗುಳಿಗೆ" ಅನ್ನುತ್ತಾರೆ. ಶುಗರ್ ಇರುವವರು ಇದನ್ನು ಕೇಳಿದರೆ ಹೆದರುತ್ತಾರೆ. "ಸುಳ್ಳು ಮಾತ್ರೆ" ಅಂದರೆ ಮೋಸ ಅನ್ನಿಸುತ್ತದೆ. ನಾನು ಹೇಳುವುದು ಹೀಗೆ: "ನೋಡಲು ಅದೇ ತರ ಇರುತ್ತದೆ, ಬಣ್ಣ, ಅಳತೆ ಎಲ್ಲ ಒಂದೇ. ಆದರೆ ಒಳಗೆ ಔಷಧಿ ಇಲ್ಲ." ಅದರ ಜೊತೆಗೇ, ಕೇಳುವ ಮೊದಲೇ, ಅವರು ಈಗ ತೆಗೆದುಕೊಳ್ಳುತ್ತಿರುವ ಮಾಮೂಲಿ ಔಷಧಿ ಮುಂದುವರಿಯುತ್ತದೋ ಇಲ್ಲವೋ ಹೇಳಿಬಿಡಿ. ಅವರ ಮನಸ್ಸಿನಲ್ಲಿ ಮೊದಲು ಏಳುವ ಭಯವೇ ಅದು.

ಇಲ್ಲಿ "ಮದ್ದು" ಅನ್ನುವ ಪದದ ಬಗ್ಗೆ ಎಚ್ಚರ ಇರಲಿ. ಕರಾವಳಿಯವರಿಗೆ ಮದ್ದು ಅಂದರೆ ಔಷಧಿ, ದಿನವೂ ಬಳಸುವ ಮಾತು. ಆದರೆ "ಮದ್ದು ಹಾಕಿದ್ದಾರೆ" ಅಂದರೆ ಊಟದಲ್ಲಿ ಏನೋ ಬೆರೆಸಿ ಕೆಡುಕು ಮಾಡಿದ್ದಾರೆ ಅನ್ನುವ ಅರ್ಥವೂ ಇದೆ ಅಲ್ವಾ? ಹೊಸ ಮದ್ದು ಪರೀಕ್ಷೆ ಮಾಡುತ್ತಾರೆ ಅಂತ ಕೇಳಿ ಒಬ್ಬ ಅಜ್ಜಿ ಎದ್ದೇ ಹೋದರು. ಔಷಧಿ ಅಂದರೆ ಎಲ್ಲರಿಗೂ ಒಂದೇ ಅರ್ಥ.

ಡಬಲ್ ಬ್ಲೈಂಡ್‌ಗೆ "ದ್ವಿ-ಅಂಧ" ಅಂತ ಬರೆದ ಹಾಳೆ ಒಮ್ಮೆ ಕಣ್ಣಿನ ಹನಿಯ ಅಧ್ಯಯನಕ್ಕೇ ಬಂದಿತ್ತು. ಕಣ್ಣು ಮಂಜಾಗಿ ಬಂದವರ ಮುಂದೆ "ಅಂಧ" ಅಂತ ಓದುವುದನ್ನು ಯೋಚನೆ ಮಾಡಿ. ಅಲ್ಲಿ ಹೇಳಬೇಕಾದದ್ದು ಇಷ್ಟೇ: "ನಿಮಗೆ ಯಾವ ಔಷಧಿ ಸಿಗುತ್ತಿದೆ ಅಂತ ನಿಮಗೂ ಗೊತ್ತಿರುವುದಿಲ್ಲ, ನಿಮ್ಮನ್ನು ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಬೇರೆ ಕಡೆ ಬರೆದಿಟ್ಟಿರುತ್ತಾರೆ. ನಿಮಗೆ ಏನಾದರೂ ತೊಂದರೆಯಾಗಿ ಗೊತ್ತಾಗಲೇಬೇಕು ಅಂತ ಬಂದರೆ ತೆರೆದು ನೋಡುತ್ತಾರೆ." ಕೊನೆಯ ವಾಕ್ಯ ಬಿಡಬೇಡಿ.

ಇಂಥ ಪದಗಳು ಹಾಳೆಗೆ ಹೇಗೆ ಬರುತ್ತವೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಇಂಗ್ಲಿಷ್ ಹಾಳೆಯನ್ನು ಒಬ್ಬರು ಕನ್ನಡಕ್ಕೆ ತರುತ್ತಾರೆ. ಆಮೇಲೆ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷೂ ಹೊಂದಿಕೆಯಾದರೆ ಪಾಸು. ಇದಕ್ಕೆ ಬ್ಯಾಕ್ ಟ್ರಾನ್ಸ್‌ಲೇಷನ್ ಅನ್ನುತ್ತಾರೆ. ನೋಡಿ, "ದ್ವಿ-ಅಂಧ" ಅಂತ ಬರೆದರೆ ಅದು ಡಬಲ್ ಬ್ಲೈಂಡ್ ಅಂತ ಅಚ್ಚುಕಟ್ಟಾಗಿ ವಾಪಸ್ ಬರುತ್ತದೆ. "ನಿಮಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ" ಅಂತ ಬರೆದರೆ ವಾಪಸ್ ಬರುವಾಗ ಬೇರೆ ತರ ಕಾಣುತ್ತದೆ. ಆಗ ಅಧ್ಯಯನ ಮಾಡಿಸುವ ಔಷಧಿ ಕಂಪನಿಯವರು ತಕರಾರು ತೆಗೆಯುತ್ತಾರೆ. ಅಂದರೆ ಯಾರಿಗೂ ಅರ್ಥವಾಗದ ಕನ್ನಡವೇ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಅನುವಾದ ಮಾಡಿದವರ ತಪ್ಪು ಮಾತ್ರ ಅಲ್ಲ ಇದು. ಕಮಿಟಿಯಲ್ಲಿ ನಾನು ಅತಿ ಹೆಚ್ಚು ವಾದ ಮಾಡಿದ್ದು ಈ ಒಂದು ವಿಷಯಕ್ಕೆ.

ನೀವಾಗಿ ಹಾಳೆ ತಿದ್ದಬೇಡಿ. ಕಮಿಟಿ ಒಪ್ಪಿದ ಹಾಳೆಯಲ್ಲಿ ಒಂದು ಸಾಲು ಬದಲಾದರೂ ಅದು ಮತ್ತೆ ಕಮಿಟಿಗೆ ಹೋಗಬೇಕು. ಆದರೆ ಬಾಯಲ್ಲಿ ಬಿಡಿಸಿ ಹೇಳುವುದು ನಿಮ್ಮ ಕೆಲಸವೇ. ರೋಗಿಗಳು ಎಲ್ಲೆಲ್ಲಿ ತಡವರಿಸುತ್ತಾರೆ ಅಂತ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಹತ್ತು ಜನರ ಅನುಭವ ಸೇರಿದ ಮೇಲೆ ನಿಮ್ಮ ಪ್ರಧಾನ ಸಂಶೋಧಕರ, ಅಂದರೆ ಅಧ್ಯಯನದ ಹೊಣೆ ಹೊತ್ತ ಡಾಕ್ಟರ ಮೂಲಕ ಹೊಸ ಹಾಳೆಗೆ ಕೇಳಿ. ನಮ್ಮಂಥ ಕಮಿಟಿಗಳಿಗೆ ಅದು ಬಹಳ ಬೆಲೆಯ ಕಾಗದ.

ಮುಂಬೈಯಲ್ಲಿ ಇನ್ನೊಂದು ಕಷ್ಟ ಇದೆ. ಇಲ್ಲಿ "ಕನ್ನಡದ ರೋಗಿ" ಅಂದರೆ ಒಬ್ಬರೇ ಅಲ್ಲ. ಮನೆಯಲ್ಲಿ ತುಳು ಮಾತಾಡಿ, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರು ಇದ್ದಾರೆ. ಕಲಬುರಗಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರು ಇದ್ದಾರೆ. ಇಲ್ಲೇ ಹುಟ್ಟಿ, ಕನ್ನಡ ಚೆನ್ನಾಗಿ ಮಾತಾಡಿ, ಒಂದಕ್ಷರ ಓದಲು ಬಾರದ ಡೊಂಬಿವಲಿಯ ಮಕ್ಕಳೂ ಇದ್ದಾರೆ. ಊರಿನಲ್ಲಿ ಸ್ಕ್ಯಾನಿಂಗ್ ಅನ್ನುವುದನ್ನು ಇಲ್ಲಿ ಸೋನೋಗ್ರಫಿ ಅನ್ನುತ್ತಾರೆ. ಪಾರ್ಶ್ವವಾಯು ಅಂದರೆ ಕಣ್ಣು ಬಿಡುವವರು ಲಕ್ವಾ ಅಂದರೆ ಕೂಡಲೇ ತಲೆ ಆಡಿಸುತ್ತಾರೆ. ಅಪಸ್ಮಾರ ಅನ್ನುವುದಕ್ಕಿಂತ ಫಿಟ್ಸ್ ಅನ್ನುವುದು ಲೇಸು. ಆದ್ದರಿಂದ ಮೊದಲು ಊರು ಯಾವುದು, ಎಷ್ಟು ವರ್ಷವಾಯಿತು ಇಲ್ಲಿಗೆ ಬಂದು ಅಂತ ಕೇಳಿ. ಎರಡು ನಿಮಿಷ ಅವರು ಮಾತಾಡಲಿ. ಅವರು ಕಾಯಿಲೆಗೆ ಯಾವ ಪದ ಬಳಸುತ್ತಾರೋ ಅದನ್ನೇ ಹಿಡಿದುಕೊಂಡು ಮುಂದೆ ಹೋಗಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವುದಾದರೆ ಅಧ್ಯಯನಕ್ಕೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಶುರುವಿನಿಂದ ಕೊನೆಯವರೆಗೆ ಕೂತಿರಬೇಕು. ಆ ಸಾಕ್ಷಿಗೂ ಕನ್ನಡ ಬರಬೇಕು, ಇಲ್ಲದಿದ್ದರೆ ಸಾಕ್ಷಿ ಯಾತಕ್ಕೆ?

ಸುಲಭ ಅನ್ನಿಸುವ ಪದಗಳೇ ಜಾಸ್ತಿ ಮೋಸ ಮಾಡುತ್ತವೆ. ಅಕ್ಯೂಟ್ ಅನ್ನುವುದಕ್ಕೆ "ತೀವ್ರ" ಅಂತ ಬರೆಯುತ್ತಾರೆ. ರೋಗಿಗೆ ಅದು ಜೋರಾದದ್ದು ಅಂತ ಕೇಳಿಸುತ್ತದೆ. ಡಾಕ್ಟರ ಮಾತಿನಲ್ಲಿ ಅದು ಇದ್ದಕ್ಕಿದ್ದಂತೆ ಬಂದದ್ದು. ಕ್ರಾನಿಕ್ ಅಂದರೆ ಬಹಳ ದಿನದಿಂದ ಇರುವುದು, ಜೋರಾದದ್ದು ಅಂತ ಅರ್ಥ ಅಲ್ಲ. ಪರೀಕ್ಷೆ ಪಾಸಿಟಿವ್ ಅಂದರೆ ಒಳ್ಳೆಯದು ಅಂತ ತಿಳಿದು ನಕ್ಕವರನ್ನು ನೋಡಿದ್ದೇನೆ. ಪಾಸಿಟಿವ್ ಅನ್ನುವ ಬದಲು, ಟೀಬಿ ಪರೀಕ್ಷೆಯಾದರೆ, "ಕಫದಲ್ಲಿ ಟೀಬಿ ಕ್ರಿಮಿ ಕಂಡಿದೆ" ಅಂತ ಹೇಳಿಬಿಡಿ. "ಸಾಮಾನ್ಯ ಅಡ್ಡ ಪರಿಣಾಮ" ಅಂದರೆ ನಮ್ಮವರಿಗೆ ಸಣ್ಣಪುಟ್ಟದ್ದು ಅಂತ ಕೇಳಿಸುತ್ತದೆ. ಆದರೆ ಔಷಧಿಗಳ ಲೆಕ್ಕದಲ್ಲಿ ಸಾಮಾನ್ಯ ಅಂದರೆ 100 ಜನರಲ್ಲಿ 1ರಿಂದ 10 ಜನರಿಗೆ ಆಗುವಂಥದ್ದು. ಅದು ದೊಡ್ಡ ತೊಂದರೆಯೂ ಆಗಿರಬಹುದು. ಅದಕ್ಕೆ ನಾನು ತಲೆ ಲೆಕ್ಕದಲ್ಲೇ ಹೇಳುತ್ತೇನೆ: "ನೂರು ಜನ ತೆಗೆದುಕೊಂಡರೆ ಐದು ಜನರಿಗೆ ವಾಂತಿ ಆಗಬಹುದು, ತೊಂಬತ್ತೈದು ಜನರಿಗೆ ಆಗುವುದಿಲ್ಲ." ಎರಡೂ ಕಡೆಯ ಸಂಖ್ಯೆ ಹೇಳಬೇಕು. ರಕ್ತದ ವಿಷಯವೂ ಹಾಗೆ. 10 ಮಿಲಿ ಅಂದರೆ ಎರಡು ಟೀ ಚಮಚ. ಎಷ್ಟು ಸಲ ತೆಗೆಯುತ್ತಾರೆ, ಎಲ್ಲ ಸೇರಿ ಎಷ್ಟು, ಆಮೇಲೆ ಆ ರಕ್ತ ಏನಾಗುತ್ತದೆ ಅಂತ ಹೇಳಿ. ರಕ್ತ ಮಾರುತ್ತಾರೆ ಅನ್ನುವ ಹೆದರಿಕೆ ಬಾಯಿಗೆ ಬರುವುದಿಲ್ಲ, ಹೊಟ್ಟೆಯಲ್ಲಿ ಇರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು "ಸಂಶೋಧನೆ" ಅನ್ನುವ ಪದವೇ. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರು, ಹೊಸ ಔಷಧಿ. ಹೊಸದು ಅಂದರೆ ಒಳ್ಳೆಯದೇ ಇರಬೇಕು, ನನ್ನನ್ನು ಆರಿಸಿದ್ದಾರೆ ಅಂದರೆ ನನ್ನ ಪುಣ್ಯ ಅಂತ ಜನ ತಿಳಿಯುತ್ತಾರೆ. ಅದನ್ನು ಬಿಡಿಸದೆ ಬೇರೆ ಏನು ಹೇಳಿದರೂ ಪ್ರಯೋಜನ ಇಲ್ಲ. ನಾನು ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ: "ಅಣ್ಣ, ಈ ಔಷಧಿ ಹಳೆಯದಕ್ಕಿಂತ ಒಳ್ಳೆಯದಾ ಅಂತ ಡಾಕ್ಟರಿಗೂ ಇನ್ನೂ ಗೊತ್ತಿಲ್ಲ. ಅದನ್ನು ತಿಳಿಯುವುದಕ್ಕೇ ಇದೆಲ್ಲ. ಇದರಿಂದ ನಿಮಗೆ ಗುಣ ಆಗಬಹುದು, ಆಗದೆಯೂ ಇರಬಹುದು. ಬೇಡ ಅಂದರೆ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು." "ಸ್ವಯಂಪ್ರೇರಿತ ಭಾಗವಹಿಸುವಿಕೆ" ಅನ್ನುವ ಸಾಲಿನಲ್ಲಿ ಇರುವುದು ಇಷ್ಟೇ.

ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಬಿಳಿ ಕೋಟಿನವರ ಎದುರು "ಆಗಲಿಲ್ಲ" ಅನ್ನುವವರು ನಮ್ಮಲ್ಲಿ ಕಡಿಮೆ. ಅದರ ಬದಲು "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಗೆ ಹೋದರೆ ಅಕ್ಕನಿಗೆ ಏನಂತ ಹೇಳ್ತೀರಿ?" ಅಂತ ಕೇಳಿ. ಅವರ ಬಾಯಿಂದ ಬಂದ ಮಾತೇ ನಿಮಗೆ ಬೇಕಾದ ಸರಿಯಾದ ಕನ್ನಡ, ಅದನ್ನು ಬರೆದಿಟ್ಟುಕೊಳ್ಳಿ. ಕೆಲವು ಹೊಸ ಔಷಧಿಗಳ ಟ್ರಯಲ್‌ನಲ್ಲಿ ದುರ್ಬಲ ಸ್ಥಿತಿಯ, ಅಂದರೆ ಒತ್ತಡಕ್ಕೆ ಸುಲಭವಾಗಿ ಮಣಿಯಬಹುದಾದ ರೋಗಿಗಳ ಒಪ್ಪಿಗೆಯನ್ನು ವಿಡಿಯೊ ಮಾಡಬೇಕು ಅಂತ ನಿಯಮ ಇದೆ ಅಲ್ವಾ? ಅದರಲ್ಲಿ ಹೇಳಿದ್ದು ಮಾತ್ರ ಅಲ್ಲ, ಅವರಿಗೆ ತಿಳಿದದ್ದೂ ದಾಖಲಾಗಬೇಕು ಅಂತಲೇ ಇದೆ.

ಸಹಿ ಅದೇ ದಿನ ಆಗಬೇಕು ಅಂತ ಅವಸರ ಮಾಡಬೇಡಿ. ಹಾಳೆ ಮನೆಗೆ ತೆಗೆದುಕೊಂಡು ಹೋಗಲಿ, ಮಗನ ಹತ್ತಿರ ಓದಿಸಲಿ. ಸಹಿಯಾದ ಮೇಲೂ ಒಂದು ಪ್ರತಿ ಅವರ ಕೈಯಲ್ಲೇ ಇರಬೇಕು. ಅದರಲ್ಲಿ ಡಾಕ್ಟರ ನಂಬರೂ ಎಥಿಕ್ಸ್ ಕಮಿಟಿಯ ನಂಬರೂ ಇರುತ್ತದೆ. ನಾಳೆ ಕೆಲಸಕ್ಕೆ ಹೋದಾಗ ಆ ಎರಡೂ ನಂಬರಿಗೆ ನೀವೇ ಒಮ್ಮೆ ಫೋನ್ ಮಾಡಿ, ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ. ಆ ಕಡೆ ಉತ್ತರ ಕೊಡುವವರು ಇಲ್ಲದಿದ್ದರೆ, ಮೊದಲು ಅದನ್ನು ಸರಿ ಮಾಡಿಸಿ.